ಒಸಡು ಸರಿದ ಹಲ್ಲಿಗೆ ಯಾವ ಚಿಕಿತ್ಸೆ?
ರೂಢಿಯ ಶಸ್ತ್ರಕ್ರಿಯೆ ಮತ್ತು ಸೂಕ್ಷ್ಮ ಶಸ್ತ್ರಕ್ರಿಯೆ: ಒಂದು ವಿವೇಚನೆ

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ನಾವು ಬಾಳಿನ ವಿಪರ್ಯಾಸವನ್ನು ಸೂಚಿಸಲು ಬಳಸುತ್ತೇವೆ. ಆದರೆ ಆ ಗಾದೆ ಅಕ್ಷರಶಃ ನಿಜವಾಗಿರುವ ಮನೆಗಳೂ ನಮ್ಮ ನಡುವೆ ಇವೆ. ಹೊಲದಲ್ಲಿ ಇನ್ನೂ ಗಟ್ಟಿಮುಟ್ಟಾಗಿ ದುಡಿಯುವ ಮನುಷ್ಯ ಐವತ್ತರ ವಯಸ್ಸಿಗೇ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕಾಗುತ್ತದೆ. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಇವರ ಹಲ್ಲು ಹುಳುಕಾಗಿರಬೇಕೆಂದಿಲ್ಲ. ಹಲ್ಲನ್ನು ಅಪ್ಪಿ ಹಿಡಿದಿರಬೇಕಾದ ಒಸಡು ಹಿಂದೆ ಸರಿದು, ಮುಚ್ಚಿರಬೇಕಾದ ಬೇರು ಹೊರಗೆ ಕಂಡರೆ ಸಾಕು, ಈ ಸ್ಥಿತಿ ಬರುತ್ತದೆ.

ದೇವದುರ್ಗ ಸೀಮೆಯಲ್ಲಿ ಕೃಷ್ಣೆಯ ದಡದ ಮೇಲಿರುವ ಗೂಗಲ್, ಅಲ್ಲಮಪ್ರಭುವಿನ ದೇವಸ್ಥಾನದಿಂದಾಗಿ ನಮ್ಮ ಭಕ್ತರಿಗೆ ಪರಿಚಿತವಾದ ಗ್ರಾಮ. ಅಲ್ಲಿಯ ಕುಟುಂಬವೊಂದು ಒಸಡಿನ ತೊಂದರೆಗಾಗಿ ತಜ್ಞರಲ್ಲಿಗೆ ಹೋಯಿತೆಂದು ಭಾವಿಸೋಣ. ಸರಿದ ಒಸಡನ್ನು ಮತ್ತೆ ಬೇರಿನ ಮೇಲೆ ತರುವ ಶಸ್ತ್ರಕ್ರಿಯೆ ಇದೆಯೆಂದು ಅವರು ತಿಳಿಸುತ್ತಾರೆ. ಅದನ್ನು ಬರಿಗಣ್ಣಿನಿಂದ ಮಾಡುವ ರೂಢಿಯ ಕ್ರಮವೊಂದು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿನಷ್ಟು ತೆಳುವಾದ ದಾರದಿಂದ ಮಾಡುವ ಹೊಸ ಕ್ರಮ ಇನ್ನೊಂದು. ಎರಡನೆಯದಕ್ಕೆ ಖರ್ಚು ಹೆಚ್ಚು, ಊರಿನಿಂದ ದೂರವೂ ಹೋಗಬೇಕಾದೀತು. ಹೊಸದೇ ಬೇಕೆ, ಹಳೆಯದು ಸಾಲದೆ? ಕುಟುಂಬದ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಮೊದಲು, ಒಸಡು ಏಕೆ ಸರಿಯಿತು ಎಂಬುದನ್ನು ಅರಿಯಬೇಕು.

ಒಸಡು ಸರಿಯುವುದೆಂದರೇನು?

ಹಲ್ಲಿನ ಹೊರಗೆ ಕಾಣುವ ಬಿಳಿಯ ಭಾಗಕ್ಕೆ ದಂತಕವಚದ ಗಟ್ಟಿ ಹೊದಿಕೆಯಿದೆ. ಬೇರಿಗೆ ಅಂಥ ಹೊದಿಕೆಯಿಲ್ಲ. ಅದನ್ನು ಕಾಯುವುದು ಎಲುಬು ಮತ್ತು ಒಸಡು. ಕವಚ ಮುಗಿದು ಬೇರು ಆರಂಭವಾಗುವ ಗೆರೆಗಿಂತ ಒಸಡಿನ ಅಂಚು ಹಿಂದೆ ಹೋದಾಗ ಒಸಡು ಸರಿದಿದೆ ಎನ್ನುತ್ತಾರೆ. ಆಗ ಹಲ್ಲು ಉದ್ದವಾದಂತೆ ಕಾಣುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಬೇರಿನ ಮೃದುವಾದ ಮೈ ಬೇಗ ಸವೆಯುತ್ತದೆ, ಹುಳುಕೂ ಹಿಡಿಯುತ್ತದೆ. ವಯಸ್ಸಾದವರಲ್ಲಿ ಇದು ಹೆಚ್ಚಾಗಿ ಕಂಡರೂ ಇದು ವಯಸ್ಸಿನ ರೋಗವಲ್ಲ. ಇಪ್ಪತ್ತೈದರ ತರುಣರಲ್ಲಿಯೂ ಉಂಟು.

ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು ಅಶುಚಿತ್ವ. ಹಲ್ಲಿನ ಬುಡದಲ್ಲಿ ನಿಂತ ಕೊಳೆ ಗಾರೆಯಂತೆ ಗಟ್ಟಿಯಾಗಿ, ಒಸಡಿಗೆ ಉರಿಯೂತ ತಂದು, ಕೊನೆಗೆ ಒಳಗಿನ ಎಲುಬನ್ನೇ ಕರಗಿಸುತ್ತದೆ. ಎಲುಬು ಇಳಿದಂತೆ ಒಸಡೂ ಇಳಿಯುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧವಾದ ಅತಿಶುಚಿತ್ವ. ಗಟ್ಟಿ ಎಳೆಗಳ ಬ್ರಷ್ಷಿನಿಂದ ಅಡ್ಡಡ್ಡ ತಿಕ್ಕುವುದರಿಂದಲೂ, ಇದ್ದಿಲು, ಉಪ್ಪು, ಇಟ್ಟಂಗಿಯ ಪುಡಿಗಳಿಂದ ಉಜ್ಜುವುದರಿಂದಲೂ ತೆಳುವಾದ ಒಸಡು ದಿನದಿನಕ್ಕೆ ಸವೆದು ಸರಿಯುತ್ತದೆ. ಇವುಗಳೊಡನೆ ಸಾಲು ತಪ್ಪಿ ಮುಂದೆ ಚಾಚಿದ ಹಲ್ಲು, ಹುಟ್ಟಿನಿಂದಲೇ ತೆಳುವಾದ ಒಸಡು, ತುಟಿಯ ಒಳಗಿನ ತಂತು ಒಸಡನ್ನು ಜಗ್ಗುವುದು ಮೊದಲಾದವು ಸೇರಿಕೊಳ್ಳುತ್ತವೆ. ತಂಬಾಕನ್ನು ಸುಣ್ಣದೊಡನೆ ತಿಕ್ಕಿ ತುಟಿಯ ಸಂದಿಯಲ್ಲಿ ಇಟ್ಟುಕೊಳ್ಳುವವರಲ್ಲಿ, ಅದು ಇರುವ ಜಾಗದಲ್ಲಿಯೇ ಒಸಡು ಸರಿದಿರುವುದನ್ನು ದಂತವೈದ್ಯರು ಮೇಲಿಂದ ಮೇಲೆ ನೋಡುತ್ತಾರೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ತಂಬಾಕಿನ ಚಟ ಕಾನೂನಿನೊಂದಿಗೇ ಕೊನೆಗಾಣಲಿಲ್ಲ.

ರಾಯಚೂರು ಜಿಲ್ಲೆಗೆ ಸಂಬಂಧಿಸಿ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಇಲ್ಲಿಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿದೆ. ಎಳವೆಯಲ್ಲಿ ಅಂಥ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಹಳದಿ ಅಥವಾ ಕಂದು ಕಲೆಗಳು ಮೂಡುತ್ತವೆ. ಈ ಕಲೆ ಕೊಳೆಯಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಕವಚದಲ್ಲಿ ಸೇರಿಹೋದ ದೋಷ ಅದು. ಎಷ್ಟು ತಿಕ್ಕಿದರೂ ಹೋಗದು. ಇದನ್ನರಿಯದೆ ಕಲೆ ತೆಗೆಯುವ ಹಟದಿಂದ ಇದ್ದಿಲಿನಲ್ಲೋ ಇಟ್ಟಂಗಿಯ ಪುಡಿಯಲ್ಲೋ ವರ್ಷಗಟ್ಟಲೆ ಉಜ್ಜಿದರೆ ಕಲೆ ಅಲ್ಲಿಯೇ ಉಳಿಯುತ್ತದೆ, ಒಸಡು ಮಾತ್ರ ಹೋಗುತ್ತದೆ. ಕಲೆಗೆ ಬೇರೆ ಚಿಕಿತ್ಸೆಯಿದೆ. ಅದನ್ನು ದಂತವೈದ್ಯರಲ್ಲಿ ಕೇಳಬೇಕೇ ಹೊರತು ಹಲ್ಲುಪುಡಿಯಲ್ಲಿ ಹುಡುಕಬಾರದು.

ಎಲ್ಲರಿಗೂ ಶಸ್ತ್ರಕ್ರಿಯೆ ಬೇಕಿಲ್ಲ

ಸರಿದ ಒಸಡು ತಾನಾಗಿ ಮತ್ತೆ ಬೆಳೆದು ಬೇರನ್ನು ಮುಚ್ಚುವುದಿಲ್ಲ. ಯಾವ ಎಣ್ಣೆ, ಲೇಪ, ಪೇಸ್ಟುಗಳಿಂದಲೂ ಅದು ಸಾಧ್ಯವಿಲ್ಲ. ಹಾಗೆಂದು ಎಲ್ಲರೂ ಕತ್ತಿಗೆ ಬಾಯೊಡ್ಡಬೇಕಾಗಿಯೂ ಇಲ್ಲ. ನೋವಿಲ್ಲದೆ, ಜುಮ್ಮೆನ್ನದೆ, ವರ್ಷದಿಂದ ವರ್ಷಕ್ಕೆ ಹೆಚ್ಚದೆ ಇರುವ ಸರಿತವನ್ನು ಅಳೆದಿಟ್ಟು ಗಮನಿಸುತ್ತಿದ್ದರೆ ಸಾಕು. ಜುಮ್ಮೆನ್ನುವುದಷ್ಟೇ ತೊಂದರೆಯಾಗಿದ್ದರೆ ಅದಕ್ಕೆಂದೇ ಇರುವ ಪೇಸ್ಟು ಅಥವಾ ವೈದ್ಯರು ಹಚ್ಚುವ ಫ್ಲೋರೈಡಿನ ಲೇಪ ಸಾಕಾಗಬಹುದು. ಒಸಡು ಇನ್ನೂ ಸರಿಯುತ್ತಿದ್ದರೆ, ಬೇರು ಸವೆಯುತ್ತಿದ್ದರೆ, ಅಲ್ಲಿ ಶುಚಿ ಮಾಡಲು ಬಾರದಂತಾಗಿದ್ದರೆ, ಇಲ್ಲವೆ ನಗುವಾಗ ಎದ್ದು ಕಂಡು ಮನಸ್ಸಿಗೆ ನೋವಾಗುತ್ತಿದ್ದರೆ ಶಸ್ತ್ರಕ್ರಿಯೆಯ ವಿಚಾರ ಬರುತ್ತದೆ.

ಬೇರು ಎಷ್ಟು ಮುಚ್ಚೀತು ಎಂಬುದನ್ನು ಮುಂಚಿತವಾಗಿಯೇ ಬಹುಮಟ್ಟಿಗೆ ಹೇಳಬಹುದು. 1985ರಲ್ಲಿ ಅಮೆರಿಕದ ಮಿಲ್ಲರ್ ಎಂಬ ತಜ್ಞರು ಒಸಡಿನ ಸರಿತವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. 2011ರಲ್ಲಿ ಇಟಲಿಯ ಕೈರೊ ಮತ್ತು ಸಂಗಡಿಗರು ಅದನ್ನು ಮೂರಕ್ಕೆ ಸರಳಗೊಳಿಸಿದರು. ಎರಡರ ತಿರುಳೂ ಒಂದೇ: ಹಲ್ಲು ಹಲ್ಲುಗಳ ನಡುವಿನ ಎಲುಬು ಮತ್ತು ಒಸಡಿನ ತುದಿ ಉಳಿದಿದೆಯೇ ಎಂದು ನೋಡಬೇಕು. ಅದು ಪೂರ್ಣ ಉಳಿದಿದ್ದರೆ ಬೇರನ್ನು ಪೂರ್ಣ ಮುಚ್ಚುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಸ್ವಲ್ಪ ಹೋಗಿದ್ದರೆ ಫಲವೂ ಭಾಗಶಃ. ಬಹಳ ಹೋಗಿದ್ದರೆ ಯಾವ ಕ್ರಮದಿಂದಲೂ ಪೂರ್ಣ ಮುಚ್ಚುವ ಭರವಸೆ ಕೊಡಲಾಗದು. ಅತಿಯಾಗಿ ಉಜ್ಜಿ ಒಸಡು ಕಳೆದುಕೊಂಡವರಲ್ಲಿ ಸಾಮಾನ್ಯವಾಗಿ ಈ ನಡುವಿನ ಭಾಗ ಉಳಿದಿರುತ್ತದೆ. ಕೊಳೆಯಿಂದ ಎಲುಬು ಕರಗಿದವರಲ್ಲಿ ಉಳಿದಿರುವುದಿಲ್ಲ. ಆದಕಾರಣ ತಡಮಾಡದೆ ತೋರಿಸಿಕೊಳ್ಳುವುದರಲ್ಲಿಯೇ ಅರ್ಧ ಚಿಕಿತ್ಸೆ ಅಡಗಿದೆ.

ರೂಢಿಯ ಶಸ್ತ್ರಕ್ರಿಯೆಗಳು

ಒಸಡಿನ ಕಸಿಯ ಮುಂದಿರುವ ತೊಡಕು ರಕ್ತದ್ದು. ಗಿಡದ ಕಸಿಗೆ ತಾಯಿಗಿಡದ ರಸ ಹರಿಯಬೇಕಾದಂತೆ, ಒಸಡಿನ ಕಸಿಗೆ ಸುತ್ತಲಿನ ರಕ್ತ ಹರಿಯಬೇಕು. ಆದರೆ ಮುಚ್ಚಬೇಕಾದ ಬೇರಿನ ಮೈಯಲ್ಲಿ ರಕ್ತನಾಳಗಳೇ ಇಲ್ಲ, ಅದು ಬಂಡೆಯಿದ್ದಂತೆ. ಬಂಡೆಯ ಮೇಲೆ ಹೊದಿಸಿದ ಹಸಿರು ಬದುಕಬೇಕಾದರೆ ಅಕ್ಕಪಕ್ಕದ ಮಣ್ಣೇ ಆಧಾರ.

ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ರೂಪಿಸುವ ವಿಧಾನವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಪುಣೆಯಲ್ಲಿ ಹಣೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಗಿ ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಅಲ್ಲಿ ಚರ್ಮದ ಪಟ್ಟಿಯ ಒಂದು ತುದಿಯನ್ನು ಬಿಡಿಸದೆ ಮೂಲಕ್ಕೇ ಅಂಟಿರುವಂತೆ ಇಟ್ಟು ರಕ್ತದ ಹರಿವನ್ನು ಉಳಿಸಿಕೊಂಡಿದ್ದರು.

ಒಸಡಿನಲ್ಲಿಯೂ ಆದದ್ದು ಅದೇ. 1956ರಲ್ಲಿ ಗ್ರೂಪ್ ಮತ್ತು ವಾರೆನ್ ಎಂಬವರು ಪಕ್ಕದ ಹಲ್ಲಿನ ಒಸಡನ್ನು ಬುಡಕ್ಕೆ ಅಂಟಿರುವಂತೆಯೇ ಬಿಡಿಸಿ, ಬರಿದಾದ ಬೇರಿನ ಮೇಲೆ ಸರಿಸಿ ಹೊಲಿಯುವ ಕ್ರಮವನ್ನು ವಿವರಿಸಿದರು. 1963ರಲ್ಲಿ ಬ್ಯೋರ್ನ್ ಅವರು ಅಂಗುಳದಿಂದ ಒಸಡಿನ ತುಂಡನ್ನು ಪೂರ್ಣವಾಗಿ ಬೇರ್ಪಡಿಸಿ ತಂದು ಕಸಿ ಮಾಡುವುದನ್ನು ತೋರಿಸಿದರು. ಒಸಡಿನ ಅಂಚನ್ನೇ ಸಡಿಲಿಸಿ ಹಲ್ಲಿನ ತುದಿಯ ಕಡೆಗೆ ಎಳೆದು ಹೊಲಿಯುವ ಕ್ರಮವೂ ಬಂದಿತು. 1985ರಲ್ಲಿ ಬರ್ಟನ್ ಲ್ಯಾಂಗರ್ ಮತ್ತು ಲಾರೀನ್ ಲ್ಯಾಂಗರ್ ಅವರು ಅಂಗುಳದ ಮೇಲ್ಪದರವನ್ನು ಅಲ್ಲಿಯೇ ಉಳಿಸಿ, ಒಳಗಿನ ಪದರವನ್ನಷ್ಟೇ ತೆಗೆದು ಒಸಡಿನ ಕೆಳಗೆ ಸೇರಿಸುವ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಕಸಿಗೆ ಕೆಳಗಿನಿಂದಲೂ ಮೇಲಿನಿಂದಲೂ ರಕ್ತ ದೊರೆಯುತ್ತದೆ. ಬಣ್ಣವೂ ಸುತ್ತಲಿನ ಒಸಡಿಗೆ ಹೊಂದುತ್ತದೆ. ಬೇರು ಮುಚ್ಚುವ ಶಸ್ತ್ರಕ್ರಿಯೆಗಳಲ್ಲಿ ಇಂದಿಗೂ ತಜ್ಞರು ಅತ್ಯಂತ ನೆಚ್ಚುವುದು ಈ ಒಳಪದರದ ಕಸಿಯನ್ನೇ.

ಇವೆಲ್ಲವನ್ನೂ ಬರಿಗಣ್ಣಿನಿಂದ, ಸಾಮಾನ್ಯ ಅಲಗಿನಿಂದ, 4-0 ಅಥವಾ 5-0 ಅಳತೆಯ ದಾರದಿಂದ ಮಾಡುವುದು ರೂಢಿಯ ಕ್ರಮ. ಲಕ್ಷಾಂತರ ಜನರಿಗೆ ಇದರಿಂದ ಉಪಕಾರವಾಗಿದೆ.

ಸೂಕ್ಷ್ಮ ಶಸ್ತ್ರಕ್ರಿಯೆಯ ಹಿರಿಮೆ

1921ರಲ್ಲಿ ಸ್ವೀಡನ್ನಿನ ಕಾರ್ಲ್ ನೈಲೆನ್ ಎಂಬ ವೈದ್ಯರು ಕಿವಿಯ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವನ್ನು ಬಳಸಿದರು. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್ಸನ್ ಅದರ ನೆರವಿನಿಂದ ಅತಿ ಸಣ್ಣ ರಕ್ತನಾಳಗಳನ್ನು ಜೋಡಿಸಿ ತೋರಿಸಿದರು. ಕಣ್ಣು, ನರ, ಕೈಬೆರಳುಗಳ ಶಸ್ತ್ರಕ್ರಿಯೆಯಲ್ಲಿ ನೆಲೆಯೂರಿದ ಈ ವಿದ್ಯೆಯನ್ನು 1990ರ ದಶಕದಲ್ಲಿ ಒಸಡಿಗೆ ತಂದವರು ಅಮೆರಿಕದ ಶಾನೆಲೆಕ್ ಮತ್ತು ಟಿಬೆಟ್ಸ್.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಸೂಕ್ಷ್ಮ ಶಸ್ತ್ರಕ್ರಿಯೆಯೆಂದರೆ ಹೊಸ ಬಗೆಯ ಕಸಿಯಲ್ಲ. ಮೇಲೆ ಹೇಳಿದ ಅವೇ ಕಸಿಗಳನ್ನು ಹೆಚ್ಚು ನಾಜೂಕಾಗಿ ಮಾಡುವ ಕ್ರಮ ಅದು. ಬರಿಗಣ್ಣಿಗೆ ಸುಮಾರು 0.2 ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಒಂದಾಗಿ ಕಾಣುತ್ತವೆ. ಕನ್ನಡಕಕ್ಕೆ ಜೋಡಿಸಿದ ವರ್ಧಕ ಮಸೂರಗಳು ಮೂರು ನಾಲ್ಕು ಪಟ್ಟು, ಸೂಕ್ಷ್ಮದರ್ಶಕ ಇಪ್ಪತ್ತು ಪಟ್ಟಿನವರೆಗೆ ದೊಡ್ಡದಾಗಿ ತೋರಿಸುತ್ತವೆ. ಕಣ್ಣು ಕಂಡಷ್ಟನ್ನು ಕೈ ಸಾಧಿಸಬಲ್ಲದು. ಆದ್ದರಿಂದ ಕಣ್ಣಿನ ಶಸ್ತ್ರಕ್ರಿಯೆಗೆ ಬಳಸುವಂಥ ಪುಟ್ಟ ಅಲಗುಗಳು, ಬೆರಳ ತುದಿಯಲ್ಲಿ ಹಿಡಿಯುವ ಹಗುರ ಉಪಕರಣಗಳು, 6-0ರಿಂದ 8-0ರವರೆಗಿನ ದಾರಗಳು ಬಳಕೆಗೆ ಬಂದವು. ದಾರದ ಈ ಎಣಿಕೆಯಲ್ಲಿ ಅಂಕೆ ಏರಿದಂತೆ ದಾರ ತೆಳುವಾಗುತ್ತದೆ. 5-0 ದಾರದ ದಪ್ಪ 0.1 ಮಿಲಿಮೀಟರಿಗಿಂತ ತುಸು ಹೆಚ್ಚು. 7-0 ದಾರದ್ದು ಅದರ ಅರ್ಧದಷ್ಟು.

ದಾರ ತೆಳುವಾದರೆ ಲಾಭವೇನು? ದಪ್ಪ ದಾರವನ್ನು ಬಿಗಿಯಾಗಿ ಎಳೆದಾಗ ದಾರ ಹರಿಯುವ ಮೊದಲು ಒಸಡೇ ಹರಿಯುತ್ತದೆ. ತೆಳು ದಾರವನ್ನು ಎಳೆದರೆ ಒಸಡು ಉಳಿದು ದಾರ ಹರಿಯುತ್ತದೆ. ಪ್ರಯೋಗಶಾಲೆಯಲ್ಲಿ 3-0 ಮತ್ತು 7-0 ದಾರಗಳನ್ನು ಹೋಲಿಸಿದಾಗ ಕಂಡದ್ದು ಇದೇ. ಅಂಚಿಗೆ ಅಂಚು ಕೂಡುವಂತೆ, ಒಸಡಿಗೆ ಪೆಟ್ಟಾಗದಂತೆ ಹೊಲಿದರೆ ರಕ್ತನಾಳಗಳು ಬೇಗ ಕೂಡಿಕೊಳ್ಳುತ್ತವೆ.

ಎರಡನ್ನೂ ತೂಗಿದಾಗ

ಇದು ಬರಿಯ ಊಹೆಯಲ್ಲ. 2005ರಲ್ಲಿ ಸ್ವಿಟ್ಜರ್ಲೆಂಡಿನ ಬುರ್ಕ್‌ಹಾರ್ಟ್ ಮತ್ತು ಲಾಂಗ್ ಎಂಬ ತಜ್ಞರು ಪ್ರಕಟಿಸಿದ ಅಧ್ಯಯನವೊಂದಿದೆ. ಬಾಯಿಯ ಎರಡೂ ಕಡೆ ಕೋರೆಹಲ್ಲಿನ ಒಸಡು ಸರಿದಿದ್ದ 10 ಮಂದಿಗೆ ಒಂದು ಕಡೆ ಸೂಕ್ಷ್ಮ ಕ್ರಮದಿಂದಲೂ ಇನ್ನೊಂದು ಕಡೆ ರೂಢಿಯ ಕ್ರಮದಿಂದಲೂ ಕಸಿ ಮಾಡಿದರು. ರಕ್ತದಲ್ಲಿ ಹೊಳೆಯುವ ಬಣ್ಣವನ್ನು ಸೇರಿಸಿ, ಕಸಿಯೊಳಗೆ ರಕ್ತ ಎಷ್ಟು ಹರಿಯಿತೆಂದು ಚಿತ್ರ ತೆಗೆದರು. ಮೂರನೆಯ ದಿನ ಸೂಕ್ಷ್ಮ ಕ್ರಮದ ಕಡೆ ಶೇಕಡ 53.3, ರೂಢಿಯ ಕಡೆ 44.5ರಷ್ಟು ಭಾಗಕ್ಕೆ ರಕ್ತ ತಲುಪಿತ್ತು. ಏಳನೆಯ ದಿನ ಅದು ಅನುಕ್ರಮವಾಗಿ 84.8 ಮತ್ತು 64.0 ಆಯಿತು. ತಿಂಗಳು ತುಂಬಿದಾಗ ಸೂಕ್ಷ್ಮ ಕ್ರಮದಿಂದ ಬೇರಿನ ಶೇಕಡ 99.4 ಭಾಗವೂ, ರೂಢಿಯ ಕ್ರಮದಿಂದ 90.8 ಭಾಗವೂ ಮುಚ್ಚಿದ್ದವು. ವರ್ಷದ ನಂತರವೂ ಅವು 98 ಮತ್ತು 90ರಲ್ಲಿ ನಿಂತಿದ್ದವು. 2012ರಲ್ಲಿ ಬ್ರೆಜಿಲಿನ ತಜ್ಞರು 24 ಮಂದಿಯಲ್ಲಿ ನಡೆಸಿದ ಅಧ್ಯಯನದಲ್ಲಿಯೂ ವರ್ಷದ ಕೊನೆಗೆ ಈ ಅಂಕೆಗಳು 98.0 ಮತ್ತು 88.3 ಇದ್ದವು. ಬೇರು ಸಂಪೂರ್ಣವಾಗಿ ಮುಚ್ಚಿದ ಹಲ್ಲುಗಳ ಪ್ರಮಾಣ ಸೂಕ್ಷ್ಮ ಕ್ರಮದಲ್ಲಿ ಶೇಕಡ 87.5, ರೂಢಿಯದರಲ್ಲಿ 58.3.

ಈ ಅಂಕೆಗಳನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ಒಸಡು 3 ಮಿಲಿಮೀಟರು ಸರಿದಿದೆಯೆಂದರೆ, ಶೇಕಡ 90 ಮುಚ್ಚಿದಾಗ ಉಳಿಯುವ ಬೇರು 0.3 ಮಿಲಿಮೀಟರು, ಶೇಕಡ 98 ಮುಚ್ಚಿದಾಗ 0.06. ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ, ನಗುವಾಗ ಎದ್ದು ಕಾಣುವಲ್ಲಿ, ಈ ವ್ಯತ್ಯಾಸಕ್ಕೆ ಬೆಲೆಯಿದೆ. ಯಾರಿಗೂ ಕಾಣದ ಹಲ್ಲಿನಲ್ಲಿ, ಜುಮ್ಮೆನ್ನುವುದು ನಿಂತು ಬ್ರಷ್ ಮಾಡಲು ಬಂದರೆ ಸಾಕೆನ್ನುವವರಿಗೆ, ರೂಢಿಯ ಕ್ರಮದ ಫಲವೂ ಕಡಿಮೆಯದಲ್ಲ. ಮೇಲಾಗಿ ಈ ಅಧ್ಯಯನಗಳು ಚಿಕ್ಕವು. ಹಲ್ಲುಗಳ ನಡುವಿನ ಭಾಗ ಉಳಿದಿದ್ದವರನ್ನೇ ಆಯ್ದು, ನುರಿತ ಕೈಗಳಿಂದ ಮಾಡಿದವು.

ಸೂಕ್ಷ್ಮ ಕ್ರಮದ ಇನ್ನೊಂದು ಮುಖವನ್ನೂ ಮರೆಯಬಾರದು. ಸೂಕ್ಷ್ಮದರ್ಶಕ ದುಬಾರಿಯಾದ ಯಂತ್ರ. ಅದರ ಕೆಳಗೆ ನೋಟದ ಹರವು ಕಿರಿದಾಗುವುದರಿಂದ ಶಸ್ತ್ರಕ್ರಿಯೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಕೈ ಪಳಗಲು ದೀರ್ಘ ಅಭ್ಯಾಸ ಬೇಕು. ಯಂತ್ರವಿದ್ದು ಅಭ್ಯಾಸವಿಲ್ಲದವರಿಗಿಂತ, ಯಂತ್ರವಿಲ್ಲದೆ ನೂರಾರು ಕಸಿ ಮಾಡಿದವರೇ ಲೇಸು. ಇವೆರಡರ ನಡುವೆ ವರ್ಧಕ ಮಸೂರ ಧರಿಸಿ, ತೆಳು ದಾರ ಬಳಸಿ ಮಾಡುವ ಮಧ್ಯಮಮಾರ್ಗವೂ ಒಂದಿದೆ. ಸೂಕ್ಷ್ಮ ಕ್ರಮದ ಅನುಕೂಲಗಳಲ್ಲಿ ಕೆಲವು ಅದರಿಂದಲೂ ದೊರೆಯುತ್ತವೆ.

ಗೂಗಲ್ಲಿನ ಮನೆಯವರು ಏನು ಮಾಡಬೇಕು?

ರಾಯಚೂರು ನಗರದಲ್ಲಿಯೇ ಎ.ಎಂ.ಇ. ದಂತ ಮಹಾವಿದ್ಯಾಲಯ ಮತ್ತು ನವೋದಯ ದಂತ ಮಹಾವಿದ್ಯಾಲಯಗಳಿವೆ. ದಂತವೈದ್ಯ ಪದವಿಗೆ ಒಸಡಿನ ಶಾಸ್ತ್ರವೂ ಕಡ್ಡಾಯ ವಿಷಯವಾದುದರಿಂದ ಇಂಥ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಒಸಡಿಗೆಂದೇ ವಿಭಾಗವಿರುತ್ತದೆ. ದೇವದುರ್ಗ, ಮಾನ್ವಿ ಕಡೆಯವರು ಬೆಂಗಳೂರಿನ ದಾರಿ ಹಿಡಿಯುವ ಮೊದಲು ಇಲ್ಲಿ ಪರೀಕ್ಷಿಸಿಕೊಳ್ಳುವುದು ಲೇಸು.

ವೈದ್ಯರ ಮುಂದೆ ಸಂಕೋಚಪಡದೆ ನಾಲ್ಕು ಮಾತು ಕೇಳಬೇಕು. ನನ್ನ ಒಸಡು ಸರಿದದ್ದೇಕೆ? ಹಲ್ಲುಗಳ ನಡುವಿನ ಎಲುಬು ಉಳಿದಿದೆಯೇ, ಬೇರು ಎಷ್ಟು ಮುಚ್ಚೀತು? ಶಸ್ತ್ರಕ್ರಿಯೆ ಮಾಡದಿದ್ದರೆ ಆಗುವುದೇನು? ಯಾವ ಕ್ರಮ ಬಳಸುವಿರಿ, ಅದರಲ್ಲಿ ನಿಮ್ಮ ಅನುಭವವೆಷ್ಟು? ಈ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಶಸ್ತ್ರಕ್ರಿಯೆಗೆ ಮೊದಲು ಹಲ್ಲಿನ ಗಾರೆಯನ್ನು ತೆಗೆಸಬೇಕು. ಇದಕ್ಕೆ ಸ್ಕೇಲಿಂಗ್ ಎನ್ನುತ್ತಾರೆ. ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯ ಅನೇಕರಲ್ಲಿದೆ. ಹಲ್ಲು ಸಡಿಲಾಗಿರುವುದು ಗಾರೆಯಿಂದಲೇ; ಅದು ಹೋದಾಗ ಇದ್ದ ಸಡಿಲು ಕಾಣುತ್ತದೆ, ಅಷ್ಟೆ. ಮಧುಮೇಹವಿದ್ದವರು ಅದನ್ನು ಹತೋಟಿಗೆ ತಂದುಕೊಳ್ಳಬೇಕು. ಬೀಡಿ, ಸಿಗರೇಟು, ತಂಬಾಕುಗಳನ್ನು ಬಿಡಲೇಬೇಕು. ಧೂಮಪಾನ ಮಾಡುವವರಲ್ಲಿ ಯಾವ ಕ್ರಮದ ಕಸಿಯಾದರೂ ಫಲ ಕುಗ್ಗುತ್ತದೆ.

ಕಸಿಯ ನಂತರ ಸುಮಾರು ಎರಡು ವಾರ ಆ ಜಾಗಕ್ಕೆ ಬ್ರಷ್ ತಾಗಿಸದೆ, ವೈದ್ಯರು ಕೊಟ್ಟ ದ್ರಾವಣದಿಂದ ಬಾಯಿ ಮುಕ್ಕಳಿಸಬೇಕು. ತುಟಿ ಎತ್ತಿ ಎತ್ತಿ ಕನ್ನಡಿಯಲ್ಲಿ ನೋಡಬಾರದು. ಮೊದಲ ದಿನಗಳಲ್ಲಿ ಕಸಿ ಜಗ್ಗಿದರೆ ಆಗತಾನೆ ಕೂಡುತ್ತಿರುವ ರಕ್ತನಾಳಗಳು ಹರಿಯುತ್ತವೆ. ಸಜ್ಜೆಯ ಕಟಕು ರೊಟ್ಟಿ, ಶೇಂಗಾ, ಹುರಿಗಡಲೆಗಳಿಗೆ ಬಿಡುವು ಕೊಟ್ಟು, ಜೋಳದ ನುಚ್ಚು, ಮೆತ್ತಗಿನ ಅನ್ನ, ಮಜ್ಜಿಗೆಗಳನ್ನು ಆರಿಸಿ ಉಣ್ಣಬೇಕು. ಅಂಗುಳದ ಗಾಯ ಮಾಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ.

ಆ ಮೇಲಿನದೇ ಮುಖ್ಯ. ಮೃದುವಾದ ಎಳೆಗಳ ಬ್ರಷ್ಷನ್ನು ಬರೆಯುವ ಲೇಖಣಿಯಂತೆ ಹಗುರಾಗಿ ಹಿಡಿದು, ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಉಜ್ಜಬೇಕು. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಬೇಕು. ಮನೆಯ ಹಿರಿಯರು ಮಕ್ಕಳಿಗೆ ಇದನ್ನು ಎಳವೆಯಲ್ಲಿಯೇ ಕಲಿಸಬೇಕು. ಜಾತ್ರೆ, ಉತ್ಸವಗಳಲ್ಲಿ ಆರೋಗ್ಯ ಶಿಬಿರ ನಡೆಸುವ ನಮ್ಮ ಸಂಘಗಳು ಕಣ್ಣು, ರಕ್ತದೊತ್ತಡಗಳ ಜೊತೆಗೆ ಒಸಡಿನ ತಪಾಸಣೆಯನ್ನೂ ಸೇರಿಸಿಕೊಂಡರೆ ಹಲ್ಲುಗಳ ನಡುವಿನ ಎಲುಬು ಕರಗುವ ಮೊದಲೇ ಅನೇಕರ ರೋಗ ತಿಳಿದೀತು.

ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ಉತ್ತರವಿಷ್ಟು: ಅನುಕೂಲವಿದ್ದು, ನುರಿತ ಕೈ ದೊರೆತರೆ ಸೂಕ್ಷ್ಮ ಕ್ರಮ ಮೇಲು, ಇಲ್ಲದಿದ್ದರೆ ಒಳ್ಳೆಯ ಕೈಯ ರೂಢಿಯ ಕ್ರಮವನ್ನು ನಿಸ್ಸಂದೇಹವಾಗಿ ಆರಿಸಿಕೊಳ್ಳಬಹುದು. ಆದರೆ ಒಸಡನ್ನು ಸರಿಸಿದ ಕಾರಣ ಬಾಯಿಯಲ್ಲಿ ಹಾಗೆಯೇ ಉಳಿದರೆ, 7-0 ದಾರದಿಂದ ಹೊಲಿದ ಕಸಿಯೂ 5-0 ದಾರದಿಂದ ಹೊಲಿದ ಕಸಿಯೂ ಒಂದೇ ದಾರಿ ಹಿಡಿಯುತ್ತವೆ. ವೈದ್ಯರು ಹೊದಿಸಿಕೊಟ್ಟ ಒಸಡನ್ನು ಕಾಯುವ ಹೊಣೆ ದಿನದ ಎರಡು ಹೊತ್ತು ನಮ್ಮ ಕೈಯಲ್ಲಿಯೇ ಇದೆ.